ಕೋಡಿಗೆ ಬಣ್ಣ ಹಚ್ಚುವವರ ನೆಮ್ಮದಿ

ಸೂಟಿಯ ದಿನ ಬಣ್ಣದ ಡಬ್ಬಿ ಬಿಚ್ಚಿ ಕೂತರೆ ಮನಸ್ಸು ತಾನಾಗಿ ತಣ್ಣಗಾಗುತ್ತದೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಸುತ್ತಿದೆ. ಭಾನುವಾರದ ಪುರವಣಿಗಳು ಅದನ್ನೇ ಬರೆಯುತ್ತವೆ, ಆಪ್ತಸಮಾಲೋಚಕರು ಅದನ್ನೇ ಸೂಚಿಸುತ್ತಾರೆ, ದೊಡ್ಡ ಊರಿನ ಕಚೇರಿಗಳು ನೌಕರರಿಗೆಂದು ನಡೆಸುವ ಶಿಬಿರಗಳಲ್ಲೂ ಅದೇ ಉಪದೇಶ. ಅದರ ಬೆನ್ನಿಗೆ ಇನ್ನಷ್ಟು ಬುದ್ಧಿಮಾತುಗಳು ಅಂಟಿಕೊಂಡು ಬರುತ್ತವೆ. ಚಿತ್ರ ಹೇಗೆ ಬಂತೆಂದು ನೋಡಬೇಡಿ. ನಿಮಗೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಬಿಡಿ. ಒಬ್ಬರೇ ಕೂತು, ನಿಧಾನವಾಗಿ, ನಿಮ್ಮ ಖುಷಿಗೆ ಹಚ್ಚಿ. ಚಿತ್ರ ಬರೆಯುವುದರಿಂದ ನೆಮ್ಮದಿ ಸಿಗುತ್ತದೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ತೋರಿಸುವ ಈ ದಾರಿಯನ್ನು ಮಾತ್ರ ಒಪ್ಪಲಾರೆ. ಕಣ್ಣೆದುರಿನ ಒಂದು ವಸ್ತುವಿಗೆ ನಾವು ಹೊಣೆಯಾದಾಗ ಆ ನೆಮ್ಮದಿ ಹುಟ್ಟುತ್ತದೆ. ಹೊಣೆಯನ್ನು ಕಿತ್ತು ಹಾಕಿ ನೆಮ್ಮದಿಯನ್ನಷ್ಟೇ ಕೇಳಿದರೆ ಕೈಗೆ ಹತ್ತುವುದು ಬಣ್ಣದ ರಾಡಿ.

ಇದು ಕಾಣಬೇಕೆಂದರೆ ಕಾರಹುಣ್ಣಿಮೆಯ ದಿನ ನಮ್ಮ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಸುತ್ತಿನ ಹಳ್ಳಿಗಳಿಗೆ ಬರಬೇಕು. ಜ್ಯೇಷ್ಠ ಮಾಸದ ಹುಣ್ಣಿಮೆ. ಮುಂಗಾರಿನ ಮಳೆಗೆ ಹೊಲ ಹದಕ್ಕೆ ಬರುತ್ತ, ಬಿತ್ತನೆಯ ಕೆಲಸ ತಲೆಮೇಲೆ ಕೂತಿರುವ ಹೊತ್ತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಕಾರಹುಣ್ಣಿಮೆಯಂದು ವಾರ ಯಾವುದಿದ್ದರೂ ಎತ್ತಿಗೆ ಪೂರ್ತಿ ಸೂಟಿ. ಮನುಷ್ಯನಿಗೆ ಮಾತ್ರ ಬೆಳಗಿನಿಂದ ಕೈತುಂಬ ಕೆಲಸ. ಕೆರೆಗೋ ಹಳ್ಳಕ್ಕೋ ಹೊಡೆದುಕೊಂಡು ಹೋಗಿ ಮೈ ತಿಕ್ಕಬೇಕು. ಮುಂಚೆಯೇ ಹೆರೆಸಿ ನುಣುಪು ಮಾಡಿಸಿಟ್ಟ ಕೋಡಿಗೆ ಬಣ್ಣ ಹಚ್ಚಬೇಕು. ಅದು ಒಣಗಿದ ಮೇಲೆ ತುದಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗೆಜ್ಜೆಸರ, ಹಣೆಗೆ ಗೊಂಡೆ, ಬೆನ್ನಿಗೆ ಜೂಲ. ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ ಇಡೀ ಊರು ಅಗಸಿಯ ಹತ್ತಿರ ಸೇರುತ್ತದೆ. ಯಾವ ಬಣ್ಣದ ಎತ್ತು ಮುಂದೆ ಬಂತೆಂದು ನೋಡಿ ಹಿರಿಯರು ಆ ವರ್ಷದ ಬೆಳೆಯನ್ನು ಲೆಕ್ಕ ಹಾಕುತ್ತಾರೆ.

ಕೋಡಿಗೆ ಬಣ್ಣ ಹಚ್ಚುವವನನ್ನೇ ಸ್ವಲ್ಪ ಹೊತ್ತು ನೋಡಿ. ಎತ್ತು ನಿಂತಲ್ಲಿ ನಿಲ್ಲುವುದಿಲ್ಲ. ಕಣ್ಣಿಗೆ ನೊಣ ಮುತ್ತಿದರೆ ತಲೆ ಕೊಡವುತ್ತದೆ, ಎಣ್ಣೆಬಣ್ಣದ ವಾಸನೆಗೆ ಮೋರೆ ತಿರುಗಿಸುತ್ತದೆ. ಮೂಗುದಾರ ಹಿಡಿಯಲು ಮತ್ತೊಬ್ಬರು ಬೇಕು, ಹೆಚ್ಚಾಗಿ ಮನೆಯ ಹುಡುಗ. ಕೋಡು ಬುಡದಲ್ಲಿ ದಪ್ಪ, ತುದಿಗೆ ಸಣ್ಣ, ನಡುವೆ ಬಾಗು. ಎರಡೂ ಕೋಡಿನ ಪಟ್ಟಿಗಳು ಒಂದೇ ಎತ್ತರಕ್ಕೆ ಬರಬೇಕಾದರೆ ಅಳತೆಯೆಲ್ಲ ಕಣ್ಣಿನಲ್ಲೇ ಆಗಬೇಕು. ಬಂಕಾಪುರದ ಕೋಟೆಯೊಳಗೆ ಸಾಕುವ ಖಿಲಾರಿ ತಳಿಯ ಕೋಡಂತೂ ಹಿಂದಕ್ಕೆ ಬಾಗಿ, ಮೇಲೆದ್ದು, ಚೂಪಾಗುತ್ತದೆ. ಅದರ ಮೇಲೆ ಸುತ್ತು ಗೆರೆ ಎಳೆಯುವುದು ಕಾಗದದ ಮೇಲೆ ಎಳೆದಷ್ಟು ಸುಲಭವಲ್ಲ. ಹಿಂದೆ ಹುರಮಂಜು ಬಳಿಯುತ್ತಿದ್ದರು, ಅದು ಮಳೆಗೆ ತೊಳೆದು ಹೋಗುತ್ತಿತ್ತು. ಈಗಿನ ಎಣ್ಣೆಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ. ಗೆರೆ ಸೊಟ್ಟಗಾದರೆ ಆ ಸೊಟ್ಟು ಅಷ್ಟು ದಿನವೂ ಊರ ಕಣ್ಣಿಗೆ ಬೀಳುತ್ತದೆ.

ಈ ಮನುಷ್ಯನಿಗೆ ಸಾಲ ಇದೆ, ಬೀಜ–ಗೊಬ್ಬರದ ಚಿಂತೆ ಇದೆ, ಮಳೆ ಕೈಕೊಟ್ಟೀತೆಂಬ ಅಂಜಿಕೆ ಇದೆ. ಆದರೂ ಕೋಡಿನ ಬುಡದಿಂದ ತುದಿಯವರೆಗೆ ಬಣ್ಣ ಏರಿಸುವಷ್ಟು ಹೊತ್ತು ಅವನ ಮುಖದ ಗಂಟು ಸಡಿಲವಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮನಸ್ಸು ಶಾಂತವಾಗಲಿ ಎಂದು ಅವನು ಕುಂಚ ಹಿಡಿದಿಲ್ಲ. ವರ್ಷವೆಲ್ಲ ದುಡಿದ ಜೀವಕ್ಕೆ ಇದು ಸಲ್ಲಬೇಕಾದ್ದು, ಚೆನ್ನಾಗಿ ಸಲ್ಲಬೇಕು ಎಂಬುದಷ್ಟೇ ಅವನ ತಲೆಯಲ್ಲಿರುವುದು. ಹೇಗೆ ಬಂತೆಂದು ನೋಡಬೇಡ ಎಂದು ಅವನಿಗೆ ಹೇಳಿದರೆ ಆ ಮಾತೇ ಅವನಿಗೆ ತಿಳಿಯಲಿಕ್ಕಿಲ್ಲ. ಹೇಗೆ ಬಂತೆಂದು ನೋಡದಿದ್ದರೆ ಹಚ್ಚುವುದಾದರೂ ಯಾಕೆ?

ನಿಧಾನದ ಉಪದೇಶವನ್ನು ಇನ್ನಷ್ಟು ಗಟ್ಟಿಯಾಗಿ ಪ್ರಶ್ನಿಸಬೇಕು. ಸೂಟಿಯ ದಿನಕ್ಕೆಂದು ಎಲ್ಲರೂ ಮೊದಲು ಕೊಳ್ಳುವುದು ಜಲವರ್ಣದ ಪೆಟ್ಟಿಗೆ. ಅಗ್ಗ, ಹಗುರ, ಚೀಲದಲ್ಲಿ ಹಿಡಿಸುತ್ತದೆ. ಆದರೆ ಬಣ್ಣಗಳಲ್ಲೆಲ್ಲ ಅತಿ ಅವಸರದ ಬಣ್ಣ ಅದೇ. ಒದ್ದೆ ಇದ್ದಾಗ ಒಂದು ರೀತಿ, ಅರ್ಧ ಆರಿದಾಗ ಇನ್ನೊಂದು ರೀತಿ, ಆರಿದ ಮೇಲೆ ಮತ್ತೊಂದು ರೀತಿ ನಡೆದುಕೊಳ್ಳುತ್ತದೆ. ನಮ್ಮ ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಆಕಾಶಕ್ಕೆಂದು ಬಳಿದ ತೆಳು ನೀಲಿ ಕಾಗದದ ಆ ತುದಿ ಮುಟ್ಟುವ ಮೊದಲೇ ಈ ತುದಿಯಲ್ಲಿ ಆರಿ ಅಂಚು ಬಿಡುತ್ತದೆ. ಶ್ರಾವಣದ ಜಡಿಮಳೆಯಲ್ಲಿ ಅದೇ ಬಣ್ಣ ಎಷ್ಟು ಹೊತ್ತಾದರೂ ಆರುವುದಿಲ್ಲ. ತಾಳ್ಮೆಗೆಟ್ಟು ಮೇಲೆ ಇನ್ನೊಂದು ಬಣ್ಣ ಇಟ್ಟರೆ ಎರಡೂ ಕೂಡಿ ಕೆಸರು. ಬಿಳಿ ಎಂಬುದು ಇಲ್ಲಿ ಬಿಡಬೇಕಾದ ಕಾಗದ. ಒಮ್ಮೆ ಮುಚ್ಚಿದರೆ ಮುಗಿಯಿತು. ಅಂದಮೇಲೆ ಎಲ್ಲಿ ಬಿಡಬೇಕು, ಎಲ್ಲಿ ಮುಟ್ಟಬೇಕು, ಯಾವಾಗ ಕೈ ತೆಗೆಯಬೇಕು ಎಂಬುದನ್ನು ಕ್ಷಣದೊಳಗೆ ತೀರ್ಮಾನಿಸಬೇಕಾಗುತ್ತದೆ. ಜಲವರ್ಣ ಬಲ್ಲವರ ಕೈ ಚುರುಕು. ತಡೆದು ನಿಲ್ಲುವುದೇನಿದ್ದರೂ ಅವರ ಕಣ್ಣು. ಹಚ್ಚುವ ಮೊದಲು ಅವರು ಬಹಳ ಹೊತ್ತು ನೋಡಿರುತ್ತಾರೆ. ಕೈಯನ್ನು ನಿಧಾನ ಮಾಡಿ, ಕಣ್ಣನ್ನು ಸುಮ್ಮನೆ ಬಿಟ್ಟರೆ ಏನೂ ಆಗುವುದಿಲ್ಲ.

ನೋಡುವುದು ಅಂದರೇನು ಎಂದು ತಿಳಿಯಲು ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಊರವರು ಅರವತ್ತು ಕಂಬದ ಗುಡಿ ಎನ್ನುವ ಈ ಚಾಲುಕ್ಯ ಶೈಲಿಯ ದೇವಾಲಯ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ. ಒಳಗೆ ಇಳಿದು ನಿಂತರೆ ಕಡೆದು ತಿರುವಿದ ಕಂಬಗಳ ಸಾಲು. ಬಳಪದ ಕಲ್ಲನ್ನು ತಿರುಗಣಿಯಲ್ಲಿ ತಿರುವಿ ತಿರುವಿ ಒಂದರ ಮೇಲೊಂದು ಬಳೆ ಎಬ್ಬಿಸಿದ್ದಾರೆ. ಕೆಲವು ಬಳೆ ದಪ್ಪ, ಕೆಲವು ಅಂಚಿನಷ್ಟೇ ತೆಳು, ನಡುವೆ ಗಂಟೆಯ ಆಕಾರ. ಕಲ್ಲು ಎಷ್ಟು ನುಣುಪೆಂದರೆ ಪಕ್ಕದ ಕಂಬದ ನೆರಳು ಬೆಳಕು ಇದರ ಮೈಯಲ್ಲಿ ಕಾಣುತ್ತದೆ.

ಈ ಕಂಬವನ್ನು ಮೊದಲ ಸಲ ಬರೆಯಲು ಕೂತವರು ಬಳೆಗಳನ್ನೆಲ್ಲ ಒಂದೇ ತರಹ ಬಾಗಿಸುತ್ತಾರೆ. ಕಂಬ ದುಂಡಗಿದೆ ಎಂದು ಅವರಿಗೆ ಗೊತ್ತು, ಆದ್ದರಿಂದ ಎಲ್ಲ ಬಳೆಗೂ ಒಂದೇ ದುಂಡು. ಬರೆದು ಮುಗಿಸಿ ನೋಡಿದರೆ ಕಂಬ ಎಲ್ಲೋ ಸೊಟ್ಟ ಕಾಣುತ್ತದೆ, ಯಾಕೆಂದು ಹೊಳೆಯುವುದಿಲ್ಲ. ಕೂತ ಜಾಗದಿಂದ ಸರಿಯಾಗಿ ನೋಡಿದರೆ ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ಬಳೆಗಳ ಮುಂಭಾಗ ಕೆಳಕ್ಕೆ ಬಾಗಿರುತ್ತದೆ. ಮೇಲಿರುವ ಬಳೆಗಳದು ಮೇಲಕ್ಕೆ ಬಾಗಿರುತ್ತದೆ. ಸರಿಯಾಗಿ ಕಣ್ಣಿನ ಮಟ್ಟದಲ್ಲಿರುವ ಬಳೆ ನೆಟ್ಟಗಿನ ಗೆರೆಯಾಗಿ ಕಾಣುತ್ತದೆ. ಕಣ್ಣಿನ ಮಟ್ಟದಿಂದ ದೂರ ಹೋದಂತೆ ಬಾಗು ಹೆಚ್ಚುತ್ತದೆ. ನೀವು ಕೂತಿದ್ದವರು ಎದ್ದು ನಿಂತರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಕಲ್ಲುಕುಟಿಗ ಮಾಡಿದ ಬಳೆಗಳು ಒಂದೇ. ನಮಗೆ ಕಾಣುವ ಬಳೆಗಳು ನಾವು ಎಲ್ಲಿದ್ದೇವೆ ಎಂಬುದರ ಮೇಲೆ. ಇದನ್ನು ಒಮ್ಮೆ ಕಂಡುಕೊಂಡವರು ಮೊದಲ ಬಳೆಯಿಂದ ಮತ್ತೆ ಶುರು ಮಾಡುತ್ತಾರೆ. ಒಂದೊಂದು ಅಂಚನ್ನೂ ಕೇಳಿ ಕೇಳಿ ಬರೆಯುತ್ತ ಹೋದಂತೆ ಸೋಮವಾರದ ಕಚೇರಿ, ಮನೆಯ ಕಂತು, ಹೇಳಬಾರದಿದ್ದ ಮಾತು ಯಾವುದಕ್ಕೂ ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಆ ಜಾಗವನ್ನು ಯಾರೂ ಖಾಲಿ ಮಾಡಿಸಲಿಲ್ಲ. ಕಂಬ ಬಂದು ತುಂಬಿತು.

ಅದೇ ಕೋಟೆಯ ನವಿಲುಗಳು ಇನ್ನೂ ಕಠಿಣ ಪಾಠ ಕಲಿಸುತ್ತವೆ. 139 ಎಕರೆಯ ಈ ಪ್ರದೇಶ 2006ರಲ್ಲಿ ನವಿಲುಧಾಮವಾಯಿತು. ನವಿಲಿನ ಕೊರಳನ್ನು ಬರೆಯಲು ಹೊರಟವರು ಪೆಟ್ಟಿಗೆಯಲ್ಲಿದ್ದ ಅತಿ ಕಡು ನೀಲಿಯನ್ನು ತೆಗೆದು ಬಳಿಯುತ್ತಾರೆ, ಅದು ಸತ್ತ ನೀಲಿಯಾಗಿ ಉಳಿಯುತ್ತದೆ. ನವಿಲಿನ ಗರಿಯಲ್ಲಿ ನೀಲಿ ದ್ರವ್ಯವೇ ಇಲ್ಲ. ಗರಿಯ ಎಳೆಯೊಳಗಿನ ಕಂದುಕಪ್ಪು ಕಣಗಳ ಅತಿ ಸೂಕ್ಷ್ಮ ಜೋಡಣೆಗೆ ಬೆಳಕು ಬಡಿದು ಚದುರಿದಾಗ ನಮಗೆ ನೀಲಿ, ಹಸಿರು ಕಾಣುತ್ತದೆ. ಹಕ್ಕಿ ಕೊರಳು ಹೊರಳಿಸಿದರೆ ಬಣ್ಣವೂ ಹೊರಳುತ್ತದೆ. ಅದನ್ನು ಹಾಗೆಯೇ ಹಿಡಿಯುವ ಬಣ್ಣ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಸುತ್ತಲಿನ ಒಣ ಹುಲ್ಲಿನ ಮಂಕು ಹಳದಿಯನ್ನು ಸರಿಯಾಗಿ ಹಚ್ಚಿದರೆ ಮಾತ್ರ ನಡುವಿನ ನೀಲಿ ಉರಿಯುತ್ತದೆ. ನವಿಲು ಬರೆಯಬೇಕೆಂದವರು ಹುಲ್ಲನ್ನು ನೋಡಬೇಕಾಯಿತು! ಇಂಥ ಸೋಲುಗಳು ನಮ್ಮನ್ನು ನಮ್ಮಿಂದ ಹೊರಗೆ ಎಳೆಯುತ್ತವೆ. ಹೇಗೆ ಬಂದರೂ ಚೆಂದವೇ ಎಂದು ಬೆನ್ನು ತಟ್ಟಿದರೆ ಈ ಸೋಲೂ ಇಲ್ಲ, ಅದರ ಹಿಂದಿನ ಬೆಳಕೂ ಇಲ್ಲ.

ಹೇಗೆ ಬರೆದರೂ ಮನಸ್ಸು ತಣ್ಣಗಾಗುತ್ತದೆ ಎಂಬುದನ್ನು ವಿಜ್ಞಾನವೇ ಸಿದ್ಧ ಮಾಡಿದೆಯಲ್ಲ ಎಂದು ಕೇಳುವವರಿದ್ದಾರೆ. ಅವರು ಮುಂದಿಡುವುದು ಹೆಚ್ಚಾಗಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ. 39 ಮಂದಿ ವಯಸ್ಕರು 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಕತ್ತರಿಸಿದ ಕಾಗದ ಹಿಡಿದು ತಮಗೆ ತೋಚಿದ್ದು ಮಾಡಿದರು. ಮೊದಲು ಮತ್ತು ನಂತರ ಜೊಲ್ಲು ಪರೀಕ್ಷಿಸಿ ನೋಡಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಪ್ರಾಮಾಣಿಕ ಕೆಲಸ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಅದರಲ್ಲಿ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಕಾರ್ಟಿಸಾಲ್ ಬೆಳಗಿನಿಂದ ಸಂಜೆಗೆ ಹೇಗೂ ಇಳಿಯುತ್ತದೆ. ಅಷ್ಟು ಹೊತ್ತು ಬೇವಿನ ಮರದ ಕೆಳಗೆ ಕೂತವರದೂ ಇಳಿದೀತು. ಉಳಿದ ಕಾಲು ಪಾಲು ಜನರಲ್ಲಿ ಅದು ಇಳಿಯಲೇ ಇಲ್ಲ ಎಂಬುದನ್ನು ಪುರವಣಿಗಳು ಬರೆಯುವುದಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು 2005ರಲ್ಲಿ ನಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ ಪ್ರಕಟಿಸಿದ ಪ್ರಯೋಗ. ವಿದ್ಯಾರ್ಥಿಗಳಲ್ಲಿ ಮೊದಲು ಆತಂಕ ಹುಟ್ಟಿಸಿ, ಒಂದು ಗುಂಪಿಗೆ ಬಣ್ಣ ತುಂಬಲು ಮಂಡಲದ ನಕ್ಷೆ, ಇನ್ನೊಂದಕ್ಕೆ ಚೌಕಳಿ ನಕ್ಷೆ, ಮೂರನೆಯದಕ್ಕೆ ಖಾಲಿ ಹಾಳೆ ಕೊಟ್ಟರು. ನಕ್ಷೆ ಸಿಕ್ಕ ಎರಡೂ ಗುಂಪುಗಳ ಆತಂಕ ಇಳಿಯಿತು. ಬೇಕಾದ್ದು ಬರೆಯಿರಿ ಎಂಬ ಮಾತಿನೊಂದಿಗೆ ಖಾಲಿ ಹಾಳೆ ಸಿಕ್ಕವರದು ಹಾಗೆ ಇಳಿಯಲಿಲ್ಲ. ಒಂದು ಸಣ್ಣ ಪ್ರಯೋಗದ ಮೇಲೆ ದೊಡ್ಡ ತೀರ್ಪು ಕಟ್ಟಬಾರದು, ಸರಿ. ಆದರೂ ‘ನಿಮ್ಮ ಮನಸ್ಸಿಗೆ ಬಂದದ್ದು’ ಎಂಬ ಸ್ವಾತಂತ್ರ್ಯವೇ ಮದ್ದು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಕಳವಳದಲ್ಲಿದ್ದವರ ಮನಸ್ಸಿಗೆ ಬರುವುದು ಕಳವಳವೇ. ಅವರಿಗೆ ಬೇಕಾದ್ದು ಹಿಡಿದು ನಡೆಯಲು ಹೊರಗಿನದೊಂದು ಅಂಚು. ಅಂಥ ಅಂಚು ಸಿಗುತ್ತದೆಂದೇ ಇರಬೇಕು, 2013ರಲ್ಲಿ ಜೊಹಾನಾ ಬಾಸ್‌ಫರ್ಡ್ ಅವರ ಪುಸ್ತಕ ಬಂದಾಗಿನಿಂದ ದೊಡ್ಡವರಿಗೆ ಬಣ್ಣ ತುಂಬುವ ಪುಸ್ತಕಗಳು ಲೋಕದಲ್ಲೆಲ್ಲ ಮಾರಾಟವಾದವು. ಅವುಗಳಲ್ಲಿ ನನಗೆ ಕಾಣುವ ಕೊರತೆ ಒಂದೇ. ಅಂಚನ್ನು ಬೇರೆ ಯಾರೋ ಎಳೆದಿಟ್ಟಿದ್ದಾರೆ, ನಾವು ಏನನ್ನೂ ನೋಡಬೇಕಾಗಿಲ್ಲ.

ಬ್ರಿಟನ್ನಿನ ಮನೋವಿಶ್ಲೇಷಕಿ ಮರಿಯನ್ ಮಿಲ್ನರ್ 1950ರಲ್ಲಿ ತಮ್ಮ ಚಿತ್ರಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಬಿಡುವಿನಲ್ಲಿ ಪ್ರಶಾಂತವಾದ ನೋಟವನ್ನು ಬರೆಯಬೇಕೆಂದು ಶುರು ಮಾಡಿದರೆ ಕೈಯಿಂದ ಹೊತ್ತಿ ಉರಿಯುವ ಬಯಲು ಮೂಡಿದ್ದನ್ನು ಅವರು ಮುಚ್ಚಿಡದೆ ಹೇಳುತ್ತಾರೆ. ಒಳಗಿನದನ್ನು ಸುಮ್ಮನೆ ಹರಿಯಬಿಟ್ಟರೆ ಸಿಟ್ಟೂ ಅಂಜಿಕೆಯೂ ಹರಿದು ಬರುತ್ತವೆ. ಅದು ಬೆಲೆಯುಳ್ಳ ಕೆಲಸ, ಬಲ್ಲವರ ಜೊತೆ ಕೂತು ಮಾಡಬೇಕಾದ ಚಿಕಿತ್ಸೆ. ಭಾನುವಾರ ಮಧ್ಯಾಹ್ನದ ಹಗುರ ಪರಿಹಾರ ಎಂದು ಅದನ್ನು ಮಾರುವುದು ಸರಿಯಲ್ಲ. ಸೂಟಿಯ ಚಿತ್ರಕಾರರ ಪೈಕಿ ಎಲ್ಲರೂ ಹೆಸರಿಸುವ ಚರ್ಚಿಲ್ ಕೂಡ ವಿಶ್ರಾಂತಿಯ ಸಾಕ್ಷಿಯಲ್ಲ. 1915ರಲ್ಲಿ ಡಾರ್ಡನೆಲ್ಸ್ ಸೋಲಿನ ನಂತರ ನೌಕಾಖಾತೆ ಕಳೆದುಕೊಂಡು, ನಲವತ್ತರ ವಯಸ್ಸಿನಲ್ಲಿ ಅವರು ಕುಂಚ ಹಿಡಿದರು. ಮುಂದೆ ಚಿತ್ರಕಲೆಯ ಬಗ್ಗೆ ಬರೆದಾಗ ಅದನ್ನು ಯುದ್ಧ ಹೂಡುವ ಕೆಲಸಕ್ಕೆ ಹೋಲಿಸಿದರು. ದಣಿದ ಮನಸ್ಸಿಗೆ ಬೇಕಾದ್ದು ಬೇರೆ ಕೆಲಸ ಎಂಬುದು ಅವರ ನಿಲುವು. ಅವರ ರಾಜಕೀಯ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಈ ಒಂದು ವಿಷಯದಲ್ಲಿ ಅವರು ಕಂಡದ್ದು ನಿಜ.

ಇನ್ನು ಆ ಸೂಟಿ ಯಾರದು ಎಂಬ ಪ್ರಶ್ನೆ. ಕಿಟಕಿಯ ಹತ್ತಿರ ಒಬ್ಬರೇ ಕೂತು ಚಿತ್ರ ಬರೆಯುವ ಭಾನುವಾರದ ದೃಶ್ಯದಲ್ಲಿ ಮನೆಯ ಹೆಂಗಸರು ಎಲ್ಲಿದ್ದಾರೆ? ಭಾನುವಾರ ಅವರಿಗೆ ಕೆಲಸ ಹೆಚ್ಚು. ಆದರೂ ಈ ಸೀಮೆಯಲ್ಲಿ ತಲೆಮಾರುಗಳಿಂದ ಬಣ್ಣ ಹಿಡಿದವರು ಹೆಚ್ಚಾಗಿ ಹೆಂಗಸರೇ. ಹಾನಗಲ್ಲು, ಹಿರೇಕೆರೂರು ದಾಟಿದರೆ ಸೊರಬ, ಅದರಾಚೆ ಸಾಗರ. ಅಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಅದೇ ಹುಣ್ಣಿಮೆಯನ್ನು ನಾವು ಶೀಗಿ ಹುಣ್ಣಿಮೆ ಎನ್ನುತ್ತೇವೆ. ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಕೂದಲೆಳೆಯಂಥ ಗೆರೆಗಳನ್ನು ಎಳೆಯುತ್ತಾರೆ. ಬಸುರಿಯಾದ ಭೂಮಿಗೆ ಬಯಕೆಯ ಊಟ ಹೊತ್ತು ಹೊಲಕ್ಕೆ ಹೋಗುವ ಬುಟ್ಟಿ ಅದು. ಹುಣ್ಣಿಮೆ ಕಾಯುವುದಿಲ್ಲ, ಅಷ್ಟರೊಳಗೆ ಮುಗಿಯಬೇಕು. ಅಡುಗೆ, ಕೊಟ್ಟಿಗೆ, ಗದ್ದೆ ಎಲ್ಲದರ ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ, ಅಕ್ಕಪಕ್ಕದವರ ಮಾತಿನ ನಡುವೆ ಆಗಬೇಕು. ಒಬ್ಬಂಟಿತನ ಇಲ್ಲ, ಬಿಡುವು ಇಲ್ಲ, ನಿಧಾನವೂ ಇಲ್ಲ. ಆದರೂ ಆ ಗೆರೆಗಳಲ್ಲಿ ಇರುವಷ್ಟು ಶಾಂತಿ ನಾನು ಬೇರೆ ಕಡೆ ಕಂಡದ್ದು ಕಡಿಮೆ. ಗೆರೆ ಗೆರೆಯ ಪಕ್ಕ ಸಮವಾಗಿ ಕೂರಬೇಕೆಂಬ ಹಟದಿಂದ ಅದು ಬಂದಿದೆ. ನೆಮ್ಮದಿಗೆ ಮೊದಲು ಬಿಡುವು ಬೇಕು, ಏಕಾಂತ ಬೇಕು, ಆಮೇಲೆ ಬಣ್ಣ ಎನ್ನುವವರು ಈ ಬುಟ್ಟಿಯ ಮುಂದೆ ತಮ್ಮ ಮಾತನ್ನು ಮತ್ತೊಮ್ಮೆ ಯೋಚಿಸಬೇಕು.

ಬಂಕಾಪುರದ ಹಳೆಯ ನೆನಪಿನಲ್ಲೂ ಶಾಂತಿ ಸುಲಭಕ್ಕೆ ಸಿಗುವ ವಸ್ತುವಾಗಿ ಬರುವುದಿಲ್ಲ. ಗಂಗರ ದೊರೆ ಎರಡನೆಯ ಮಾರಸಿಂಹ ರಾಜ್ಯ ತೊರೆದು ಹತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದು, ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಸೂಟಿಯ ಚಿತ್ರಕ್ಕೂ ಆ ಮಹಾವ್ರತಕ್ಕೂ ಸಾಟಿ ಇಲ್ಲ, ಹೋಲಿಸುವುದೂ ತಪ್ಪು. ಆದರೆ ಕಠಿಣವಾದ ಏನನ್ನೋ ಒಪ್ಪಿಕೊಂಡವರಿಗೆ ಮನಸ್ಸು ನಿಲ್ಲುತ್ತದೆ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪ ಇದೆ, ಅದನ್ನು ದಾಟಿ ಹೋಗಲಾರೆ. ವಾರವೆಲ್ಲ ಗುರಿ, ಅಳತೆ, ತಪ್ಪು–ಒಪ್ಪುಗಳಲ್ಲಿ ಬೆಂದವರಿಗೆ ಭಾನುವಾರವೂ ಸರಿಯಾಗಿ ಮಾಡಿ ಎಂದರೆ ಅದು ಹಿಂಸೆಯಲ್ಲವೇ? ನಿಜವಾಗಿ ದಣಿದವರಿಗೆ ನಿದ್ದೆ ಬೇಕು. ಅವರು ಮಲಗಲಿ, ಚಿತ್ರಕಲೆ ನಿದ್ದೆಯ ಕೆಲಸ ಮಾಡಲಾರದು. ಆದರೆ ಕಚೇರಿಯ ಅಳತೆಗೂ ಕಂಬದ ಅಳತೆಗೂ ಅಂತರ ಇದೆ. ಕಚೇರಿಯಲ್ಲಿ ನಮ್ಮನ್ನು ಅಳೆಯುತ್ತಾರೆ. ನಗರೇಶ್ವರದ ಕಂಬದ ಮುಂದೆ ಅಳೆಯುವವರು ನಾವು, ಕಂಬ ನಮ್ಮ ಬಗ್ಗೆ ಯಾವ ಅಭಿಪ್ರಾಯವನ್ನೂ ಇಟ್ಟುಕೊಂಡಿಲ್ಲ. ಗೆರೆ ತಪ್ಪಿದರೆ ಗೆರೆ ತಪ್ಪಿತು, ನಾವು ಕೀಳಾಗಲಿಲ್ಲ. ಅಲ್ಲಿ ತಪ್ಪಿದ್ದನ್ನು ಒಪ್ಪಿಕೊಳ್ಳುವುದು ಅವಮಾನವಿಲ್ಲದ ಕೆಲಸ. ವಾರವೆಲ್ಲ ಅಂಜಿ ತಪ್ಪು ಮುಚ್ಚಿಡುವವರಿಗೆ ಇದಕ್ಕಿಂತ ದೊಡ್ಡ ಬಿಡುಗಡೆ ಯಾವುದಿದೆ? ಎಲ್ಲವೂ ಸರಿಯೇ ಎಂದುಬಿಟ್ಟರೆ ಆ ಬಿಡುಗಡೆಯನ್ನೂ ಕಿತ್ತುಕೊಂಡಂತಾಯಿತು.

ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಸೂಟಿಯ ದಿನ ದೊಡ್ಡವರಿಗೆ ಚಿತ್ರ ಕಲಿಸುವುದಾದರೆ ಹೇಗೆ ಕಲಿಸಬೇಕು ಎಂಬುದು ನನಗೆ ಸ್ಪಷ್ಟ ಇದೆ. ಜಾಗಕ್ಕೆ ಕೊರತೆ ಇಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಅಲ್ಲೇ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಬಿತ್ತುವ, ಬೀಸುವ, ಕುಟ್ಟುವ ಜನರ ಆಳೆತ್ತರದ ಶಿಲ್ಪಗಳ ನಡುವೆ ಭಾನುವಾರ ಜನ ತುಂಬುತ್ತಾರೆ, ಮೊಬೈಲಿನಲ್ಲಿ ಪಟ ತೆಗೆದುಕೊಂಡು ಹೋಗುತ್ತಾರೆ. ಅವರಲ್ಲಿ ಕೆಲವರಾದರೂ ಒಂದು ಶಿಲ್ಪದ ಮುಂದೆ ಕೂತು, ಬೀಸುವ ಕಲ್ಲಿನ ಗೂಟ ಹಿಡಿದ ಕೈಯ ಮೊಣಕೈ ಎಷ್ಟು ಬಾಗಿದೆ ಎಂದು ಬರೆದು ನೋಡಲಿ. ಕಲಿಸಲು ಮಾತಿನ ತಜ್ಞರನ್ನು ಕರೆಸುವುದು ಬೇಡ. ಕಾರಹುಣ್ಣಿಮೆಯಲ್ಲಿ ಊರಿನ ಅರ್ಧ ಎತ್ತುಗಳ ಕೋಡಿಗೆ ಗೆರೆ ಎಳೆಯುವ ಒಬ್ಬ ಅಣ್ಣನನ್ನೂ, ಸೊರಬದ ಕಡೆಯಿಂದ ಬುಟ್ಟಿ ಬರೆಯುವ ಒಬ್ಬ ಅಮ್ಮನನ್ನೂ ಗೌರವಧನ ಕೊಟ್ಟು ಕರೆತರಲಿ. ಮೊದಲ ವಾರ ಪುಂಡಿ ನಾರಿನ ಕುಂಚ ಕಟ್ಟುವುದು, ಎರಡನೆಯ ವಾರ ಒಂದೇ ದಪ್ಪದ ಗೆರೆ ಎಳೆಯುವುದು. ಅದಾದ ಮೇಲೆ ಬಂಕಾಪುರದ ಕೋಟೆ, ಒಂದೇ ಕಂಬ, ಕಂಬ ನೆಟ್ಟಗೆ ನಿಲ್ಲುವವರೆಗೆ ಎಷ್ಟು ಭಾನುವಾರ ಬೇಕೋ ಅಷ್ಟು. ಶಿಬಿರದ ಫಲಕದ ಮೇಲೆ ಒತ್ತಡ ನಿವಾರಣೆ ಎಂದು ಬರೆಸದಿರಲಿ. ‘ಕಂಬ ಬರೆಯುವುದನ್ನು ಕಲಿಸುತ್ತೇವೆ’ ಎಂದಿಷ್ಟೇ ಸಾಕು. ಬರುವವರು ಬರುತ್ತಾರೆ.